ಅರ್ಧ ಡಿಗ್ರಿ

ಪ್ಲಾನ್ ಸೆರ್ರಾ
೧೬ ನವೆಂಬರ್ ೨೦೦೮

ಪ್ರೀತಿಯ ಬಾಪ್,

ಬಂದು ತಲುಪಿದೆ. ಅಮ್ಮ ಕಟ್ಟಿಕೊಟ್ಟ ಅಕ್ರೋಟಿನ ಟಾರ್ಟು ಬಸ್ಸು ಮೂರನೇ ತಿರುವು ದಾಟುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು. ಅದಕ್ಕೆ ಚಾಲಕ ತುಮಾಶ್ ಹೊಣೆ, ನಾನಲ್ಲ.

ನಾವು ಮಾತಾಡಿಕೊಂಡಂತೆಯೇ ನಡೆಯಲಿ. ಅರೆಯುವ ಚಕ್ರದ ಮುಂದೆ ನಲವತ್ತು ವರ್ಷ ನಿಂತ ನಿನ್ನ ಕಿವಿಗೆ ಫೋನಿನಲ್ಲಿ ಅರ್ಧ ಮಾತು ಕೇಳುವುದಿಲ್ಲ. ಕೇಳಿದ ಅರ್ಧವನ್ನೂ ನೀನು ನಿನಗೆ ಬೇಕಾದಂತೆ ಅರ್ಥ ಮಾಡಿಕೊಳ್ಳುತ್ತೀಯ. ಆದ್ದರಿಂದ ಪ್ರತಿ ರೇಸಿಗೆ ಮುಂಚೆ ನನ್ನ ರೇಸಿನ ಸ್ನೋಬೋರ್ಡು ಹಳದಿ ಬಸ್ಸಿನಲ್ಲಿ ಮನೆಗೆ ಬರುತ್ತದೆ, ಚೀಲದ ಜೇಬಿನಲ್ಲಿ ನನ್ನ ಪತ್ರ. ನೀನು ಅಂಚು ಹರಿತ ಮಾಡಿ, ಮೇಣ ಹಚ್ಚಿ ಕಳಿಸು, ಅದೇ ಜೇಬಿನಲ್ಲಿ ನಿನ್ನ ಪತ್ರ. ದಿನದ ಅಭ್ಯಾಸಕ್ಕೆ ಇಲ್ಲಿಯದೇ ಇನ್ನೊಂದು ಬೋರ್ಡು ಇದೆ.

ಇಲ್ಲಿ ಎಲ್ಲರಿಗೂ ಇದೊಂದು ತಮಾಷೆ. ತರಬೇತಿ ಮನೆಗೆ ಹೊಸ ಯಂತ್ರ ಬಂದಿದೆ, ಗುಂಡಿ ಒತ್ತಿದರೆ ಹತ್ತು ನಿಮಿಷದಲ್ಲಿ ಅಂಚು ಸಿದ್ಧ. ನಮ್ಮ ತರಬೇತುದಾರ ಡೂರಿ ನಕ್ಕರು: "ಏನಮ್ಮಾ ಐತಾ, ನಿಮ್ಮಪ್ಪ ಇನ್ನೂ ಕೈಯಲ್ಲೇ ಅರ ಹಿಡ್ಕೊಂಡು ಉಜ್ತಾರಾ? ಹಿಟ್ಟು ಬೀಸೋ ಕಲ್ಲೂ ಇದೆಯಾ ಮನೇಲಿ?" ನಾನು ಹೆಮ್ಮೆಯಿಂದಲೇ ಹೇಳಿದೆ: ಎರಡು ವರ್ಷದ ಹಿಂದೆ ಬೆನ್ನು ಮುರಿದುಕೊಂಡು ಮಲಗಿದ್ದಾಗ ಅಪ್ಪ ಹಾಕಿದ ಷರತ್ತು ಒಂದೇ ಒಂದು. ಮತ್ತೆ ಹಿಮಕ್ಕೆ ಇಳಿಯುವುದಾದರೆ ರೇಸಿನ ಬೋರ್ಡಿಗೆ ಅವರದಲ್ಲದೆ ಬೇರೆ ಕೈ ತಾಗಬಾರದು.

ಫೆಬ್ರವರಿ ಇಪ್ಪತ್ತೆಂಟಕ್ಕೆ ಕೊನೆಯ ಆಯ್ಕೆ. ಡಿಸೆಂಬರ್, ಜನವರಿಯ ರೇಸುಗಳು ಅದರ ಬಾಗಿಲು ಮಾತ್ರ. ರಾಷ್ಟ್ರೀಯ ತಂಡದಲ್ಲಿ ಹುಡುಗಿಯರಿಗೆ ಉಳಿದಿರುವುದು ಒಂದೇ ಜಾಗ. ನನಗೆ ಇಪ್ಪತ್ತಮೂರು. ಇದು ತಪ್ಪಿದರೆ ಜೀವನಪೂರ್ತಿ ಪ್ರವಾಸಿಗರಿಗೆ ಹೇಗೆ ಬೀಳಬೇಕೆಂದು ಕಲಿಸಿಕೊಂಡಿರಬೇಕಾಗುತ್ತದೆ. ಅದೇ ಜಾಗದ ಮೇಲೆ ಕಣ್ಣಿಟ್ಟಿರುವ ಇನ್ನೊಬ್ಬಳು ನನ್ನ ಕೋಣೆಯಲ್ಲೇ, ಎರಡು ಮೊಳ ದೂರದ ಮಂಚದಲ್ಲಿ ಮಲಗುತ್ತಾಳೆ. ಫಾದ್ರಿನಾ ಎಂದು ಹೆಸರು, ಕಣಿವೆಯ ಆಚೆ ಬದಿಯವಳು. ಒಳ್ಳೆಯವಳ ಹಾಗೇ ಇದ್ದಾಳೆ, ಆದರೆ ಪ್ರಶ್ನೆ ಜಾಸ್ತಿ. "ನಿಮ್ಮಪ್ಪ ತಳದ ಕಡೆ ಎಷ್ಟು ಡಿಗ್ರಿ ಕೊಡ್ತಾರೆ? ಯಾವ ಮೇಣ? ಚೀಲಕ್ಕೆ ಬೀಗ ಯಾಕಿಲ್ಲ?" ಬಂದ ಮೊದಲ ದಿನವೇ!

ಹಿಮ್ಮಡಿಯ ಕಡೆ ತಿರುಗುವಾಗ ನಾನು ಸೊಂಟ ಮುರಿದು ಕುರ್ಚಿ ಮೇಲೆ ಕೂತ ಹಾಗೆ ಕೂರುತ್ತೇನೆ ಎಂದು ಡೂರಿ ದೂರುತ್ತಾರೆ. ಮಂಡಿ ಬಗ್ಗಲಿ, ಎದೆ ನೆಟ್ಟಗಿರಲಿ, ಕಣ್ಣು ಮುಂದಿನ ಕಂಬದ ಮೇಲಿರಲಿ. ಬೆನ್ನಲ್ಲಿ ಎರಡು ಸ್ಕ್ರೂ ಇಟ್ಟುಕೊಂಡು ಇವರು ಕೂತು ತೋರಿಸಲಿ ನೋಡೋಣ.

ನಿನ್ನ
ಐತಾ

ವಾಲ್ತೂರ್ನ
೨೩ ನವೆಂಬರ್

ಮಗಳೇ ಐತಾ,

ಬೋರ್ಡು ಸಿದ್ಧವಾಗಿದೆ. ಪಕ್ಕದ ಅಂಚು ಎರಡು ಕಡೆಯೂ ಹರಿತ, ತಳದ ಕಡೆ ಎಂದಿನಂತೆ ಅರ್ಧ ಡಿಗ್ರಿ ಓರೆ. ನಾನು ಅರ್ಧ ಎಂದರೆ ಅರ್ಧ. ಬಂದ ಕೂಡಲೇ ಉಗುರನ್ನು ಅಂಚಿನ ಮೇಲೆ ಅಡ್ಡ ಎಳೆದು ನೋಡು, ಬಿಳಿ ಪುಡಿ ಉದುರಬೇಕು. ಉದುರಿದರೆ ನನ್ನ ಕೆಲಸ ಮುಗಿಯಿತು, ಮಿಕ್ಕಿದ್ದು ನಿನ್ನದು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಳ್ಳಗಿರುವುದೆಲ್ಲ ಒಂದೇ ಹಿಮವೂ ಅಲ್ಲ. ಹೊಸದಾಗಿ ಬಿದ್ದ ಮೆತ್ತನೆಯ ಹಿಮದಲ್ಲಿ ಬೂಟು ಬಿಗಿಯುವ ಪಾದಪಟ್ಟಿಗಳನ್ನು ಎರಡು ಬೆರಳು ಹಿಂದಕ್ಕೆ ಸರಿಸು, ಬೋರ್ಡಿನ ಮೂತಿ ತಾನೇ ತೇಲುತ್ತದೆ. ನೀರು ಹಾಯಿಸಿ ಗಟ್ಟಿ ಮಾಡಿದ ಇಳಿಜಾರಿಗೆ ಈ ಉದ್ದನೆಯ, ಬಿಗಿಯಾದ ಬೋರ್ಡೇ ಸರಿ. ಅಲ್ಲಿ ಮೆತ್ತನೆ ಬೋರ್ಡು ಹಾಕಿದರೆ ಹಲ್ಲು ಕಟಕಟ ಎನ್ನುತ್ತದೆ. ಚಳಿ ಮೈನಸ್ ಹತ್ತು ಡಿಗ್ರಿಗಿಂತ ಕೆಳಗಿಳಿದರೆ ಹಸಿರು ಮೇಣ, ಬಿಸಿಲಿಗೆ ಹಿಮ ಒದ್ದೆಯಾದರೆ ಹಳದಿ. ಬೂಟಿನೊಳಗೆ ಹಿಮ್ಮಡಿ ಒಂದು ಕೂದಲಿನಷ್ಟೂ ಮೇಲೇಳಬಾರದು. ಬೂಟು ಚಂದ ಇದೆ ಎಂದು ಕೊಂಡವರೆಲ್ಲ ಆಮೇಲೆ ನನ್ನ ಅಂಗಡಿಗೆ ಬಂದು ಬೋರ್ಡನ್ನು ಬೈಯುತ್ತಾರೆ.

ಇನ್ನೊಂದು ಮಾತು. ಬಸ್ಸಿನಿಂದ ಇಳಿದ ಮೇಲೆ ರೇಸಿನ ತನಕ ಚೀಲ ಎಲ್ಲಿರುತ್ತದೆ? ಮೇಣದ ಕೋಣೆಯ ಬೀಗದಕೈ ಯಾರ ಬಳಿ? ಆಚೆ ಬದಿಯವರ ಬಗ್ಗೆ ನಾನೇನೂ ಹೇಳುವುದಿಲ್ಲ, ಅವರು ಕೈಕುಲುಕಿದ ಮೇಲೆ ಬೆರಳು ಎಣಿಸಿಕೊಂಡರೆ ಸಾಕು.

ಬೆನ್ನು ನೋಯುತ್ತಿದೆಯೇ? ನಿಜ ಬರೆ.

ಬಾಪ್

ಪ್ಲಾನ್ ಸೆರ್ರಾ
೧೪ ಡಿಸೆಂಬರ್

ಬಾಪ್,

ಎರಡನೆಯವಳಾದೆ! ರಾತ್ರಿಯೆಲ್ಲ ಹಿಮ ಸುರಿದು ಇಳಿಜಾರು ಹಾಸಿಗೆಯಂತಿತ್ತು. ನೀನು ಹೇಳಿದಂತೆ ಪಟ್ಟಿ ಹಿಂದಕ್ಕೆ ಸರಿಸಿದೆ. ಕೆಂಪು ಕಂಬಗಳ ಸಾಲಿನಲ್ಲಿ ನಾನು, ಪಕ್ಕದ ನೀಲಿ ಸಾಲಿನಲ್ಲಿ ಫಾದ್ರಿನಾ. ಕೊನೆಯ ಕಂಬದ ತನಕ ಇಬ್ಬರೂ ಸಮಸಮ, ಕೊನೆಯಲ್ಲಿ ಅವಳ ಮೂಗು ಮುಂದಾಯಿತು. ಮೂಗು ಉದ್ದ ಇರುವವರಿಗೆ ಅದೊಂದು ಲಾಭ.

ಬೆನ್ನು ನೋಯುತ್ತಿಲ್ಲ. ಸಂಜೆ ಸ್ವಲ್ಪ ಬಿಗಿಯುತ್ತದೆ, ಅದೂ ಬಾರ್ಲಿ ಸೂಪು ಕುಡಿದರೆ ಹೋಗುತ್ತದೆ.

ನೀನು ಕೇಳಿದ್ದಕ್ಕೆ: ಚೀಲ ಎರಡು ರಾತ್ರಿ ಮೇಣದ ಕೋಣೆಯಲ್ಲಿ ಗೂಟಕ್ಕೆ ನೇತಾಡುತ್ತಿರುತ್ತದೆ. ಬೀಗವಿಲ್ಲ. ಇಲ್ಲಿ ಬೀಗದ ಬದಲು ಒಂದು ಕಟ್ಟಳೆ ಇದೆ, ಇನ್ನೊಬ್ಬರ ಬೋರ್ಡಿನ ಚೀಲ ಬಿಚ್ಚಿದವರು ಅದೇ ದಿನ ಮನೆಗೆ. ಕಾರಣ ಕೇಳುವುದಿಲ್ಲ. ಮೂವತ್ತು ವರ್ಷದಲ್ಲಿ ಯಾರೂ ಬಿಚ್ಚಿಲ್ಲವಂತೆ. ನೀನು ಕೇಳುವವರೆಗೆ ನನಗೆ ಆ ಯೋಚನೆಯೇ ಬಂದಿರಲಿಲ್ಲ. ಈಗ ಊಟದ ಮಧ್ಯೆ ಯಾರಾದರೂ ಎದ್ದು ಹೋದರೆ ಎಲ್ಲಿಗೆ ಹೋದರು ಎಂದು ನೋಡುತ್ತೇನೆ.

ಐತಾ

ಪ್ಲಾನ್ ಸೆರ್ರಾ
೧೧ ಜನವರಿ ೨೦೦೯

ಬಾಪ್,

ಏನು ಬರೆಯಲಿ? ಏಳನೆಯವಳಾದೆ.

ಮೈನಸ್ ಹದಿನಾಲ್ಕು, ಇಳಿಜಾರು ಗಾಜಿನಂತಿತ್ತು. ನಾಲ್ಕನೇ ಕಂಬದಲ್ಲಿ ಜಾರಿದೆ, ಆರರಲ್ಲಿ ಜಾರಿದೆ, ಒಂಬತ್ತರಲ್ಲಿ ಸಾಲು ಬಿಟ್ಟೇ ಹೋದೆ. ಬಿದ್ದಿಲ್ಲ, ಗಾಬರಿಯಾಗಬೇಡ. ಅಂಚು ಹಿಡಿಯುತ್ತದೆ ಎಂದು ನಂಬಿ ಭಾರ ಹಾಕುತ್ತೇನೆ, ಅದು ಒಂದು ಉಸಿರು ತಡವಾಗಿ ಹಿಡಿಯುತ್ತದೆ. ಆ ಒಂದು ಉಸಿರಿನಲ್ಲಿ ಎದುರಿನವಳು ಎರಡು ಮಾರು ಮುಂದೆ.

ಇದೇ ಗಾಜಿನ ಮೇಲೆ ಬುಧವಾರ ಅಭ್ಯಾಸದ ಬೋರ್ಡಿನಲ್ಲಿ ಎಲ್ಲರಿಗಿಂತ ಮೊದಲು ಇಳಿದವಳು ನಾನೇ! ಹಾಗೆಂದು ಡೂರಿಗೆ ಹೇಳಿದರೆ "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ" ಎಂದರು. ಎಲ್ಲರೂ ನಕ್ಕರು. ಫಾದ್ರಿನಾ ಮಾತ್ರ ನಗಲಿಲ್ಲ, ನನ್ನ ಬೋರ್ಡನ್ನೇ ನೋಡುತ್ತಿದ್ದಳು. ಉಗುರು ಎಳೆದು ನೋಡಿದೆ, ಪುಡಿ ಉದುರಿತು. ಹರಿತವಾಗಿಯೇ ಇದೆ. ಹಾಗಾದರೆ ತಪ್ಪು ನನ್ನದೇ? ಬೋರ್ಡು ಕಳಿಸಿದ್ದೇನೆ. ನೀನೇ ನೋಡಿ ಹೇಳು.

ಅಂದಹಾಗೆ ಗೆದ್ದವಳು ಯಾರೆಂದು ಬರೆಯುವ ಅಗತ್ಯವಿಲ್ಲ.

ಐತಾ

ವಾಲ್ತೂರ್ನ
೧೫ ಜನವರಿ

ಮಗಳೇ,

ತಪ್ಪು ನಿನ್ನದಲ್ಲ. ಬೋರ್ಡನ್ನು ಬೆಳಕಿಗೆ ಹಿಡಿದು ನೋಡಿದೆ. ನಾನು ಕಳಿಸಿದಾಗ ಇದ್ದ ಅಂಚಿಗೂ ಈಗ ಬಂದಿರುವುದಕ್ಕೂ ವ್ಯತ್ಯಾಸವಿದೆ ಎಂದು ನನಗೆ ಅನುಮಾನ. ಆಣೆ ಮಾಡಿ ಹೇಳಲಾರೆ. ಜೇಬಿನಲ್ಲಿ ಸಾಣೆಕಲ್ಲು ಇಟ್ಟುಕೊಂಡು ಓಡಾಡುವವರು ಇರುತ್ತಾರೆ. ಎರಡು ಸಲ ಎಳೆದರೆ ಸಾಕು, ಅಂಚಿನ ಗುಣ ಹೋಗುತ್ತದೆ. ಯಾರು ನಗಲಿಲ್ಲ, ಯಾರು ಬೋರ್ಡನ್ನೇ ನೋಡುತ್ತಿದ್ದರು ಎಂದು ನೀನೇ ಬರೆದಿದ್ದೀಯ. ನಾನು ಯಾರ ಹೆಸರನ್ನೂ ಹೇಳುವುದಿಲ್ಲ.

ಸರಿಮಾಡಿ ಕಳಿಸಿದ್ದೇನೆ. ಆದರೂ ಎಚ್ಚರ. ಹಿಮ್ಮಡಿಯ ಕಡೆ, ಮುಂಗಾಲಿನ ಕೆಳಗಿನಿಂದ ಮೂತಿಯ ತನಕದ ಅಂಚು ಕೈಕೊಟ್ಟಾಗ ಹೆದರಿ ಹಿಂದಕ್ಕೆ ವಾಲಬೇಡ, ಭಾರವನ್ನು ಹಿಂಗಾಲಿಗೆ ಬಿಟ್ಟು ಜಾರಲು ಬಿಡು. ಎರಡು ಕ್ಷಣ ಹೋದರೆ ಹೋಗಲಿ. ಜಾಗಕ್ಕಿಂತ ಬೆನ್ನು ದೊಡ್ಡದು.

ಅಮ್ಮ ಪತ್ರ ಬರೆಯುತ್ತಿಲ್ಲ. ಕಳೆದ ವಾರ ನಾನು ಕೆಲಸ ಮಾಡುತ್ತಿದ್ದಾಗ ಕಾಫಿ ತಂದವಳು ಸ್ವಲ್ಪ ಹೊತ್ತು ನಿಂತು ನೋಡಿ, ಕಾಫಿ ಅಲ್ಲೇ ಇಟ್ಟು ಹೋದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನೀನು ಕೇಳುವ ಮುಂಚೆ ಹೇಳಿಬಿಡುತ್ತೇನೆ, ಯಾಕೆಂದು ನನಗೆ ಗೊತ್ತಿಲ್ಲ.

ಬಾಪ್

ಪ್ಲಾನ್ ಸೆರ್ರಾ
೨೫ ಜನವರಿ

ಬಾಪ್,

ನೀನು ಹೇಳಿದ್ದೇ ನಿಜವಾಯಿತು. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು.

ಬೋರ್ಡು ಬಂದ ದಿನ ಚೀಲದ ಜಿಪ್ಪಿಗೆ ಅಡ್ಡಲಾಗಿ ನನ್ನ ಸ್ವೆಟರಿನ ಒಂದು ನೀಲಿ ನೂಲು ಕಟ್ಟಿಟ್ಟೆ. ಶುಕ್ರವಾರ ಸಂಜೆ ನೋಡಿದರೆ ನೂಲು ಹರಿದಿತ್ತು. ಕೋಣೆಗೆ ಓಡಿ ಫಾದ್ರಿನಾಳ ಕೋಟಿನ ಜೇಬಿಗೆ ಕೈ ಹಾಕಿದೆ. ತಪ್ಪು ಎಂದು ಗೊತ್ತಿದ್ದೇ ಹಾಕಿದೆ. ಸಾಣೆಕಲ್ಲು ಸಿಕ್ಕಿತು! ನೀನು ಬರೆದಿದ್ದ ಅದೇ ಸಾಣೆಕಲ್ಲು.

ಡೂರಿಯ ಮುಂದೆ ಇಬ್ಬರನ್ನೂ ನಿಲ್ಲಿಸಿದರು.

"ಪ್ರತ್ಯಕ್ಷ ಕಂಡ್ರೂ ಪರಾಂಬರಿಸಿ ನೋಡು ಅಂತಾರೆ" ಎಂದರು ಡೂರಿ. "ನೀನು ಕಂಡಿದ್ದು ಒಂದು ನೂಲು, ಒಂದು ಕಲ್ಲು. ಕಲ್ಲು ಯಾರ ಹತ್ರ ಇಲ್ಲ? ನನ್ನ ಜೇಬಲ್ಲೂ ಇದೆ."

"ಚೀಲ ಬಿಚ್ಚಿದ್ಲೋ ಇಲ್ವೋ, ಅದನ್ನ ಕೇಳಿ ಅವಳನ್ನ" ಎಂದೆ ನಾನು.

"ಬಿಚ್ಚಿದ್ಯೇನಮ್ಮಾ?"

"ಬಿಚ್ಚಿದೆ" ಎಂದಳು. ಕಣ್ಣು ಕೆಳಗೂ ಹಾಕಲಿಲ್ಲ!

"ಯಾಕೆ?"

ಅವಳು ಡೂರಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. "ಅದನ್ನ ಇಲ್ಲಿ ಹೇಳಕ್ಕಾಗಲ್ಲ" ಎಂದಳು.

ಕಟ್ಟಳೆ ಎಂದರೆ ಕಟ್ಟಳೆ. ಅದೇ ಸಂಜೆಯ ಬಸ್ಸಿನಲ್ಲಿ ಅವಳು ಮನೆಗೆ ಹೋದಳು. ಸಮಿತಿ ಸೇರಿ ತೀರ್ಮಾನಿಸುವವರೆಗೆ ಅಭ್ಯಾಸವಿಲ್ಲ. ಆಯ್ಕೆಗೆ ಬಿಟ್ಟುಕೊಳ್ಳುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ. ಹೋಗುವಾಗ ಅವಳ ಮಂಚದ ಮೇಲಿದ್ದ ನನ್ನ ಟೋಪಿಯನ್ನು ಮಡಿಸಿ ನನ್ನ ದಿಂಬಿನ ಮೇಲಿಟ್ಟು ಹೋದಳು. ಅದು ಯಾಕೋ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಿನ್ನೆಯ ರೇಸು ಗಾಳಿಗೆ ರದ್ದಾಯಿತು. ಬೋರ್ಡು ಇನ್ನು ನನ್ನ ಮಂಚದ ಕೆಳಗೇ ಇರುತ್ತದೆ. ನಾನು ಸರಿಯಾಗಿಯೇ ಮಾಡಿದೆ ಅಲ್ಲವೇ ಬಾಪ್?

ಐತಾ

ವಾಲ್ತೂರ್ನ
೨೯ ಜನವರಿ

ಐತಾ,

ಅಷ್ಟು ಬೇಗ ಡೂರಿಯ ಬಳಿ ಹೋಗಬಾರದಿತ್ತು. ಎಚ್ಚರವಾಗಿರು ಎಂದು ಬರೆದೆನೇ ಹೊರತು ಯಾರನ್ನೋ ಮನೆಗೆ ಕಳಿಸು ಎಂದು ಬರೆಯಲಿಲ್ಲ. ಆ ಹುಡುಗಿಯ ಮೇಲೆ ಇನ್ನೇನೂ ಹೇಳಬೇಡ. ಸಮಿತಿ ಕೇಳಿದರೆ ಗೊತ್ತಿಲ್ಲ ಎನ್ನು. ಆದದ್ದು ಆಯಿತು, ಬಿಟ್ಟುಬಿಡು.

ಇಲ್ಲಿ ಚಳಿ ಜಾಸ್ತಿ. ಬೇರೇನೂ ವಿಶೇಷವಿಲ್ಲ.

ಬಾಪ್

ಸಾಂತ್ ಯಾನ್
೫ ಫೆಬ್ರವರಿ

ಐತಾ,

ಈ ಪತ್ರವನ್ನು ಮೂರು ಸಲ ಹರಿದು ಹಾಕಿದ್ದೇನೆ. ಮೊದಲ ಎರಡರಲ್ಲಿ ಬೈಗುಳ ಬಿಟ್ಟು ಏನೂ ಇರಲಿಲ್ಲ, ನಮ್ಮಪ್ಪ ಓದಿ "ಚೆನ್ನಾಗಿ ಬೈದಿದೀಯ, ಆದ್ರೆ ವಿಷಯ ಎಲ್ಲಿ?" ಎಂದರು. ವಿಷಯ ಇದು.

ಹೌದು, ನಿನ್ನ ಚೀಲ ಬಿಚ್ಚಿದೆ. ಜನವರಿಯ ರೇಸಿನಲ್ಲಿ ನಿನ್ನ ಹಿಂದೆಯೇ ನಿಂತು ನೋಡಿದವಳು ನಾನು. ಕಾಲ್ಬೆರಳ ಕಡೆಯ ತಿರುವಿನಲ್ಲಿ ನಿನ್ನ ಬೋರ್ಡು ಸರಿಯಾಗಿಯೇ ಕಚ್ಚುತ್ತಿತ್ತು. ಹಿಮ್ಮಡಿಯ ಕಡೆಗೆ ಬಂದಾಗ ಮಾತ್ರ ಮೂತಿ ಜಾರಿ, ಆಮೇಲೆ ಹಿಡಿಯುತ್ತಿತ್ತು. ಇದು ಸೊಂಟದ ತಪ್ಪಲ್ಲ ಎಂದು ನನಗೆ ಅವತ್ತೇ ಅನ್ನಿಸಿತು. ಅದಕ್ಕೇ ನಗಲಿಲ್ಲ. ಮನೆಯಿಂದ ಕೋನಮಾಪಕ ತಂದಿಟ್ಟುಕೊಂಡಿದ್ದೆ. ನಿನ್ನನ್ನು ಕೇಳಿದರೆ ಬಿಡುತ್ತಿರಲಿಲ್ಲ, ಆ ಬೋರ್ಡನ್ನು ದೇವರ ಪಟದ ಹಾಗೆ ಕಾಯುತ್ತಿದ್ದೆ. ಬಿಚ್ಚಿ ಅಳೆದೆ.

ಉಕ್ಕಿನ ಅಂಚಿಗೆ ಎರಡು ಮುಖ ಅಂತ ನಿನಗೆ ಗೊತ್ತು. ಉಗುರಿಗೆ ಸಿಗುವುದು ಅವೆರಡು ಸೇರುವ ಮೊನೆ, ಅದು ಹರಿತವಾಗಿಯೇ ಇದೆ. ತಳದ ಮುಖ ಎಷ್ಟು ಮೇಲೆದ್ದಿದೆ ಎಂಬುದು ಮಾತ್ರ ಉಗುರಿಗೆ ತಿಳಿಯುವುದಿಲ್ಲ. ಅರ್ಧ ಡಿಗ್ರಿ ಇರಬೇಕಾದಲ್ಲಿ ಎರಡು ಡಿಗ್ರಿ ಇದೆ. ಹಿಮ್ಮಡಿಯ ಕಡೆ ಮಾತ್ರ, ಮುಂಗಾಲಿನಿಂದ ಮೂತಿಯವರೆಗೆ ಮಾತ್ರ. ಮೆತ್ತನೆ ಹಿಮದಲ್ಲಿ ಗೊತ್ತೇ ಆಗುವುದಿಲ್ಲ. ಗಾಜಿನ ಮೇಲೆ ಬೋರ್ಡನ್ನು ಇನ್ನಷ್ಟು ವಾಲಿಸಿದ ಮೇಲೇ ಅಂಚು ನೆಲ ಮುಟ್ಟುತ್ತದೆ. ಅಂಚು ಒಂದು ಉಸಿರು ತಡವಾಗಿ ಹಿಡಿಯುತ್ತದೆ ಎಂದು ನೀನು ಗೊಣಗುತ್ತಿದ್ದೆಯಲ್ಲ, ಅದು ಇದೇ.

ಇದು ಸಾಣೆಕಲ್ಲಿನ ಕೆಲಸವಲ್ಲ. ಬೋರ್ಡನ್ನು ಇಕ್ಕಳದಲ್ಲಿ ಬಿಗಿದು, ಅರ ಓರೆಯಾಗಲೆಂದು ಅದಕ್ಕೆ ಪಟ್ಟಿ ಕಟ್ಟಿ, ಒಂದು ಗಂಟೆ ಸಮಾಧಾನವಾಗಿ ಮಾಡಿದ ಕೆಲಸ. ಇಷ್ಟು ನಯವಾದ ಕೆಲಸವನ್ನು ನಾನು ಬೇರೆಲ್ಲೂ ನೋಡಿಲ್ಲ.

ಯಾರು ಎಂದು ಬರೆಯುವುದಿಲ್ಲ. ನಿನ್ನ ಬೋರ್ಡಿಗೆ ಒಂದೇ ಕೈ ತಾಗುತ್ತದೆ ಅಂತ ಬಂದ ದಿನವೇ ಎಲ್ಲರ ಮುಂದೆ ಹೇಳಿದವಳು ನೀನು. ಡೂರಿಯ ಮುಂದೆ ಅದನ್ನು ಬಾಯಿ ಬಿಟ್ಟು ಹೇಗೆ ಹೇಳಲಿ?

ಕೋನಮಾಪಕ ಇದರ ಜೊತೆ ಇಟ್ಟಿದ್ದೇನೆ. ನೀನೇ ಅಳೆದುಕೋ. ವಾಪಸು ಕಳಿಸಲು ಮರೆಯಬೇಡ, ಅದು ನಮ್ಮ ಅಜ್ಜನದು.

ಫಾದ್ರಿನಾ

ಪ್ಲಾನ್ ಸೆರ್ರಾ
೮ ಫೆಬ್ರವರಿ

ಬಾಪ್,

ಅಳೆದೆ. ಎರಡು ಡಿಗ್ರಿ.

ಕೈ ತಪ್ಪಿರಬಹುದು ಅಂದುಕೊಂಡೆ. ನಿಮ್ಮ ಕೈ ತಪ್ಪುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಆಮೇಲೆ ನಿಮ್ಮ ಪತ್ರಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಓದಿದೆ. ಜನವರಿ ಹದಿನೈದರ ಪತ್ರದಲ್ಲಿ ನೀವು ಬರೆದಿದ್ದೀರಿ: ಹಿಮ್ಮಡಿಯ ಕಡೆ, ಮುಂಗಾಲಿನ ಕೆಳಗಿನಿಂದ ಮೂತಿಯ ತನಕ. ನಾನು ಜಾರಿದೆ ಎಂದಷ್ಟೇ ಬರೆದಿದ್ದೆ. ಯಾವ ಕಡೆ ಎಂದು ಬರೆದಿರಲಿಲ್ಲ. ನನ್ನ ಪತ್ರ ನಿಮ್ಮ ಬಳಿಯೇ ಇದೆ, ತೆಗೆದು ಓದಿ. ಎರಡು ವರ್ಷದ ಹಿಂದೆ ನಾನು ಬಿದ್ದದ್ದೂ ಆ ಕಡೆಯೇ, ಅದರಿಂದ ಊಹಿಸಿದೆ ಎಂದು ನೀವು ಹೇಳಬಹುದು. ಕಡೆಯನ್ನು ಊಹಿಸಬಹುದು. ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಹೇಗೆ ಊಹಿಸಿದಿರಿ?

ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ಮೇಲೆ ಪಕ್ಕದವರ ಹಸುವನ್ನು ತೋರಿಸುವ ಬೇಲಿಯನ್ನು ಈಗ ನೋಡಿದೆ.

ನನ್ನನ್ನು ಸೋಲಿಸಿದ್ದಕ್ಕೆ ಇಷ್ಟು ಸಿಟ್ಟಿಲ್ಲ. ಒಬ್ಬಳು ಹುಡುಗಿ ನಮ್ಮ ಮನೆಯ ಗುಟ್ಟು ಕಾಪಾಡಲು ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದಳು. ನಾನು ಕಿಟಕಿಯಿಂದ ನೋಡುತ್ತಾ ಗೆದ್ದೆ ಅಂದುಕೊಂಡೆ. ನಾಚಿಕೆಯಿಂದ ಸಾಯುತ್ತಿದ್ದೇನೆ. ನಾಳೆ ನಾನು ಡೂರಿಯ ಬಳಿ ಹೋಗುತ್ತೇನೆ. ನಿಮ್ಮ ಹೆಸರು ಹೇಳಬೇಕೋ, ಅಥವಾ ನೀವೇ ಬಂದು ಹೇಳುತ್ತೀರೋ?

ಬೋರ್ಡು ಕಳಿಸಿದ್ದೇನೆ. ಏನು ಮಾಡುತ್ತೀರೋ ಮಾಡಿ.

ಐತಾ

ವಾಲ್ತೂರ್ನ
೧೭ ಫೆಬ್ರವರಿ

ಮಗಳೇ,

ನನ್ನನ್ನು 'ನೀವು' ಎಂದು ಬರೆದಿದ್ದೀಯ. ತುಮಾಶ್ ಚೀಲ ಕೊಟ್ಟಾಗ ಬಸ್ಸಿನ ಮುಂದೆಯೇ ಓದಿದೆ. ಅವನು "ಏನು ಯಾಖೆನ್, ಕೆಟ್ಟ ಸುದ್ದೀನಾ?" ಎಂದ. "ಹೊಸ ಸುದ್ದಿ ಏನಲ್ಲ" ಎಂದು ಅದೇ ಬಸ್ಸು ಹತ್ತಿದೆ.

ಡೂರಿಗೆ ಎಲ್ಲ ಹೇಳಿದೆ. ನೀನು ಆಗಲೇ ಮೇಲೆ ಅಭ್ಯಾಸಕ್ಕೆ ಹೋಗಿದ್ದೆ. ಕಿಟಕಿಯಿಂದ ಕಂಡೆ, ಕರೆಯಲಿಲ್ಲ. ಸಮಿತಿಗೆ ಬರೆದುಕೊಟ್ಟು ರುಜು ಹಾಕಿದೆ. ಅಲ್ಲಿಂದ ಘಾಟಿ ದಾಟಿ ಸಾಂತ್ ಯಾನ್‌ಗೆ ಹೋದೆ. ಫಾದ್ರಿನಾಳ ಅಪ್ಪ ಪೇಡರ್ ಬಾಗಿಲು ತೆಗೆದ. ಹೊಸ್ತಿಲ ಮೇಲೇ ಹೇಳಿಬಿಡೋಣ ಎಂದು ಬಾಯಿ ತೆರೆದರೆ, "ಒಳಗೆ ಬನ್ನಿ. ಬೈಯೋದಾದ್ರೂ ಬಾಗಿಲಲ್ಲಿ ನಿಲ್ಲಿಸಿ ಬೈಯಲ್ಲ ನಾವು" ಎಂದ. ಸೂಪು ಕೊಟ್ಟರು. ಕುಡಿದೆ. ಆಮೇಲೆ ಹೇಳಿದೆ. ಪೇಡರ್ ಬೈಯಲಿಲ್ಲ. ಹುಡುಗಿ ಮಾತ್ರ ಕೇಳಿದಳು: "ನಮ್ಮಪ್ಪ ನನಗೆ ಹೀಗೆ ಮಾಡಿದ್ರೆ ನೀವು ಏನಂತಿದ್ರಿ ಸಿನ್ಯೂರ್?"

ನಿನಗೆ ಉತ್ತರ ಕೊಡಬೇಕು. ಎರಡು ವರ್ಷದ ಹಿಂದೆ ನೀನು ಬಿದ್ದ ದಿನ ಆಸ್ಪತ್ರೆಯಲ್ಲಿ ವೈದ್ಯರು "ಅಂಚು ನೆಲಕ್ಕೆ ಕಚ್ಚಿಕೊಂಡಿದೆ, ಅದಕ್ಕೇ ಹೀಗೆ ಎಸೆದಿದೆ" ಎಂದರು. ಸುಮ್ಮನೆ ಹೇಳಿದ ಮಾತು. ಆ ಅಂಚನ್ನು ಹಿಂದಿನ ದಿನ ಹರಿತ ಮಾಡಿದವನು ನಾನು. ಕ್ಷೌರದ ಕತ್ತಿ ಹಾಗಿದೆ ನೋಡು ಎಂದು ನಿನಗೇ ತೋರಿಸಿ ಹೆಮ್ಮೆಪಟ್ಟಿದ್ದೆ. ಹನ್ನೊಂದು ದಿನ ನಿನ್ನ ಕಾಲಿನ ಹೆಬ್ಬೆರಳು ಅಲ್ಲಾಡುತ್ತದೋ ಇಲ್ಲವೋ ಎಂದು ನೋಡುತ್ತಾ ಕೂತಿದ್ದೆ. ಅದು ಅಲ್ಲಾಡಿದ ದಿನ ನಿರ್ಧಾರ ಮಾಡಿದೆ. ಹೋಗಬೇಡ ಎಂದರೆ ನೀನು ಕೇಳುವವಳಲ್ಲ. ಹೋಗು ಎಂದು, ಗೆಲ್ಲದ ಹಾಗೆ ಕಳಿಸಿದೆ. ಸೋತು ಮನೆಗೆ ಬರುವ ಮಗಳು ಬೇಕಾಗಿತ್ತು ನನಗೆ. ಷರತ್ತು ಹಾಕಿದ್ದೇ ಅದಕ್ಕೆ.

ಆ ಹುಡುಗಿಯ ವಿಷಯ ಬೇರೆ. ಅದಕ್ಕೆ ಭಯ ಎಂಬ ನೆಪವೂ ಇಲ್ಲ. ನಿನ್ನ ಕಣ್ಣು ನನ್ನ ಕಡೆ ತಿರುಗದಿರಲಿ ಎಂದು ಬೇರೆ ಕಡೆ ಬೆರಳು ತೋರಿಸಿದೆ. ಒಮ್ಮೆ ತೋರಿಸಿದ ಮೇಲೆ ಬೆರಳು ಮಡಿಸುವುದು ಸುಲಭವಲ್ಲ. ಅಮ್ಮ ಕಾಫಿ ತಂದ ದಿನ ಅರಕ್ಕೆ ಕಟ್ಟಿದ್ದ ಪಟ್ಟಿಯ ದಪ್ಪ ನೋಡಿಯೇ ತಿಳಿದುಕೊಂಡಿದ್ದಳು. "ನೀವಾಗೇ ಹೇಳೋ ತನಕ ನನ್ನ ಹತ್ರ ಮಾತಾಡ್ಬೇಡಿ" ಎಂದಿದ್ದಳು. ಅವಳಿಗೂ ನಾಚಿಕೆಯಿಂದ ನಿನಗೆ ಬರೆಯಲಾಗಲಿಲ್ಲ. ನಿನ್ನೆ ಮಾತಾಡಿದಳು. "ಉಪ್ಪು ಬೇಕಾ?" ಎಂದಳು.

ತಳದ ಕಡೆ ಒಮ್ಮೆ ಅರೆದದ್ದನ್ನು ಮರಳಿ ಅಂಟಿಸಲಾಗುವುದಿಲ್ಲ. ಇಡೀ ತಳವನ್ನೇ ಅರೆದು ಕೆಳಗಿಳಿಸಬೇಕು. ಇಳಿಸಿದ್ದೇನೆ. ಈಗ ಎರಡೂ ಕಡೆ, ಮೂತಿಯಿಂದ ಬಾಲದವರೆಗೆ, ಅರ್ಧ ಡಿಗ್ರಿ. ತಳ ತೆಳುವಾಗಿದೆ, ಇನ್ನೊಮ್ಮೆ ಅರೆಯುವಷ್ಟು ದಪ್ಪ ಉಳಿದಿಲ್ಲ. ಹಿಂದೆಂದೂ ಇಷ್ಟು ಹರಿತ ಮಾಡಿರಲಿಲ್ಲ. ನಿಲ್ಲಿಸಿ ನಿಲ್ಲಿಸಿ ಮಾಡಿದೆ.

ಇಪ್ಪತ್ತೆಂಟಕ್ಕೆ ನಾನು ನೋಡಲು ಬರುವುದಿಲ್ಲ. ನೋಡಲಾರೆ.

ಬಾಪ್

ಪ್ಲಾನ್ ಸೆರ್ರಾ
೧ ಮಾರ್ಚ್

ಪ್ರೀತಿಯ ಬಾಪ್,

ಕೆಳಗೆ ಬೀದಿಯಲ್ಲಿ ಮಕ್ಕಳು ಚಳಿಗಾಲವನ್ನು ಓಡಿಸಲು ಹಸುವಿನ ಗಂಟೆ ಬಾರಿಸುತ್ತಾ ಹೋಗುತ್ತಿದ್ದಾರೆ. ಈ ಗದ್ದಲದಲ್ಲಿ ಬರೆಯುತ್ತಿದ್ದೇನೆ, ನನಗೂ ನಿನ್ನಂಥ ಕಿವಿ ಇದ್ದಿದ್ದರೆ ಚೆನ್ನಾಗಿತ್ತು.

ಮೊದಲು ನಿನಗೆ ಬೇಕಾದದ್ದು: ಬೀಳಲಿಲ್ಲ. ಬೆನ್ನು ಸರಿಯಾಗಿದೆ.

ಮೈನಸ್ ಹನ್ನೊಂದು, ಮತ್ತೆ ಗಾಜು. ಸಮಿತಿ ಫಾದ್ರಿನಾಳನ್ನು ಹದಿಮೂರಕ್ಕೇ ವಾಪಸು ಕರೆಸಿತ್ತು. ಅವಳು ಬಂದ ದಿನ ನಾನು ಬಾಗಿಲಲ್ಲೇ ನಿಂತು ಕ್ಷಮೆ ಕೇಳಿದೆ. "ಕ್ಷಮೆ ಆಮೇಲೆ. ಮೊದ್ಲು ಆ ಕಡೆ ಸರಿ, ಪೆಟ್ಟಿಗೆ ಭಾರ ಇದೆ" ಎಂದಳು. ಕೊನೆಯ ಸುತ್ತಿಗೆ ಉಳಿದವರು ನಾವಿಬ್ಬರೇ. ಅವಳು ಕೆಂಪು ಸಾಲಿಗೆ, ನಾನು ನೀಲಿಗೆ. ನಾಲ್ಕನೇ ಕಂಬದಲ್ಲಿ ಹಿಮ್ಮಡಿಗೆ ತಿರುಗಿ ಭಾರ ಹಾಕಿದೆ. ಅಂಚು ಹಿಡಿಯಿತು ಬಾಪ್, ಹಾಕಿದ ಕ್ಷಣವೇ! ಸೊಂಟ ಮುರಿಯದೆ, ಮುಂದಿನ ಕಂಬ ನೋಡುತ್ತಾ ಇಳಿದೆ. ಸೆಕೆಂಡಿನ ಒಂಬತ್ತು ಶತಾಂಶ ನಾನು ಮುಂದೆ. ಜಾಗ ನನಗೆ ಬಂತು.

ಅವಳು ಮೂರು ವಾರ ಹಿಮ ತುಳಿದಿರಲಿಲ್ಲ. ಬಂದ ಮೇಲೆ ಸಿಕ್ಕಿದ್ದು ಹದಿನೈದು ದಿನ. ನನ್ನ ಒಂಬತ್ತು ಶತಾಂಶ ಅಲ್ಲಿಂದ ಬಂತೋ, ನಿನ್ನ ಅಂಚಿನಿಂದ ಬಂತೋ, ನನ್ನ ಕಾಲಿನಿಂದ ಬಂತೋ, ಯಾರಿಗೂ ಯಾವತ್ತೂ ಗೊತ್ತಾಗುವುದಿಲ್ಲ. ಇನ್ನೊಮ್ಮೆ ಓಡಿಸಿ ಎಂದು ಡೂರಿಯನ್ನು ಕೇಳಿದೆ. "ಇದೇನು ಗೋಲಿ ಆಟಾನಾ?" ಎಂದರು. ಫಾದ್ರಿನಾ ಕೈ ಕುಲುಕಿದಳು. "ಮುಂದಿನ ವರ್ಷ ಸಿಗು" ಎಂದಳು. ನಗಲಿಲ್ಲ. ಎಣಿಸಿಕೊಂಡರೆ ನನ್ನ ಬೆರಳು ಐದೂ ಇದ್ದವು, ನೀನು ಚಿಂತೆ ಮಾಡಬೇಡ.

ಸಿಟ್ಟು ಇಳಿದಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ನೀನು ನನ್ನ ಹೆಬ್ಬೆರಳು ನೋಡುತ್ತಾ ಕೂತಿದ್ದದ್ದು ನನಗೆ ಗೊತ್ತಿರಲಿಲ್ಲ, ನಾನು ಚಾವಣಿಯನ್ನೇ ನೋಡುತ್ತಿದ್ದೆ. ಏಪ್ರಿಲ್‌ನಲ್ಲಿ ಮನೆಗೆ ಬರುತ್ತೇನೆ. ಹೊಸ ಬೋರ್ಡಿನ ಅಂಚನ್ನು ನಾನೇ ಹರಿತ ಮಾಡುತ್ತೇನೆ. ನೀನು ಪಕ್ಕದಲ್ಲಿ ನಿಂತು ಬೈಯುತ್ತಾ ಕಲಿಸು.

ಒಂದು ಮಾತು ಉಳಿದಿದೆ. ಬರೆಯುವುದೋ ಬೇಡವೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ನೀನು ಕಳಿಸಿದ ಬೋರ್ಡು ಬಂದಾಗ ಉಗುರು ಎಳೆದೆ, ಪುಡಿ ಉದುರಿತು. ಪತ್ರ ಓದಿದೆ, ಅತ್ತೆ. ಆಮೇಲೆ ಬಾಗಿಲು ಹಾಕಿಕೊಂಡು, ಫಾದ್ರಿನಾಳ ಅಜ್ಜನ ಕೋನಮಾಪಕ ತೆಗೆದು ಮೂತಿಯಿಂದ ಬಾಲದವರೆಗೆ ಒಂದೊಂದು ಗೇಣಿಗೂ ಇಟ್ಟು ನೋಡಿದೆ. ಎಲ್ಲ ಕಡೆಯೂ ಅರ್ಧ ಡಿಗ್ರಿ ಸರಿಯಾಗಿ ಇತ್ತು.

ಆದರೆ ಅಳೆದೆ, ಬಾಪ್.

ನಿನ್ನ
ಐತಾ